ಮೂವತ್ತೊಂಬತ್ತನೇ ಮಾರ್ಕು

ವೈಜಿನಾಥ ಮಾಸ್ತರರ ಫಜೀತಿ ಶುರುವಾದದ್ದು ಅಡುಗೆಮನೆಯ ಬಾಗಿಲ ಮೇಲೆ ಅವರೇ ಸೀಮೆಸುಣ್ಣದಲ್ಲಿ ಬರೆದ ಒಂದು ಲೆಕ್ಕದಿಂದ. ಮೂವತ್ತನಾಲ್ಕು, ನಲವತ್ತೊಂದು, ನಲವತ್ತಾರು. ಕೂಡಿದರೆ ನೂರಾ ಇಪ್ಪತ್ತೊಂದು. ನಾಲ್ಕು ಪತ್ರಿಕೆ ಸೇರಿ ನೂರಾ ಅರವತ್ತು ಬಂದರೆ ಪಾಸು. ಇವತ್ತು ಕೊನೆಯ ಪತ್ರಿಕೆ. ಬೇಕಾದದ್ದು ಮೂವತ್ತೊಂಬತ್ತು. ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಮಾಸ್ತರರು ಕಲಿತದ್ದೂ ಉರ್ದುವಿನಲ್ಲಿ, ಗಣಿತ ಕಲಿಸಿದ್ದೂ ಉರ್ದುವಿನಲ್ಲಿ. ಮನೆಮಾತು ಕನ್ನಡವೇ, ಆದರೆ ಅದು ನಾಲಿಗೆಯ ಮೇಲಿತ್ತೇ ಹೊರತು ಕೈಗೆ ಇಳಿದಿರಲಿಲ್ಲ. ಈಗ ಮಾಸ್ತರರಿಗೆಲ್ಲ ಕನ್ನಡ ಪರೀಕ್ಷೆ ಬಂತು. ನಲವತ್ತೆಂಟನೇ ವಯಸ್ಸಿನಲ್ಲಿ ಈ ಮನುಷ್ಯ ಪಾಟಿ ಹಿಡಿದು ಅ, ಆ ತಿದ್ದಿದರು. ನಗುವವರು ನಗಲಿ, ಆ ಛಲಕ್ಕೆ ನಾನಂತೂ ಕೈ ಮುಗಿಯುತ್ತೇನೆ.

ಛಲಕ್ಕೆ ಕಾರಣವೂ ಇತ್ತು. ಹೆಂಡತಿ ಮೀರಾಬಾಯಿ ಬೀದರದ ಆಸ್ಪತ್ರೆಯಲ್ಲಿ ನರ್ಸು, ಊರು ಬಿಡುವಂತಿರಲಿಲ್ಲ. ಮಾಸ್ತರರು ಹನ್ನೊಂದು ವರ್ಷ ಭಾಲ್ಕಿಯಲ್ಲಿ ಯಾರದೋ ಪಡಸಾಲೆಯಲ್ಲಿದ್ದು, ತಾವೇ ರೊಟ್ಟಿ ಸುಟ್ಟುಕೊಂಡು, ವಾರಕ್ಕೊಮ್ಮೆ ಬೀದರದ ಮೈಲೂರು ಓಣಿಯ ಮನೆಗೆ ನೆಂಟರ ಹಾಗೆ ಬಂದುಹೋಗುತ್ತಿದ್ದರು. ಹೋದ ದೀಪಾವಳಿಗಷ್ಟೇ ಬೀದರಕ್ಕೆ ವರ್ಗವಾಗಿತ್ತು. ಗಂಡ ಹೆಂಡತಿ ದಿನಾ ಒಟ್ಟಿಗೆ ಕೂತು ಉಣ್ಣುವ ಸುಖ ಕಂಡದ್ದು ಆರೇ ತಿಂಗಳು.

ಅಷ್ಟರಲ್ಲಿ ಅದೇ ಶಾಲೆಯ ಮಕ್ಬೂಲ ಮಾಸ್ತರ ಸುದ್ದಿ ತಂದಿದ್ದ. "ಕನ್ನಡ ಬರಲಾರದವ್ರಿಗೆ ಔರಾದ್‌ಗೆ ವರ್ಗ ಅಂತರಿ. ಪಕ್ಕಾ ಖಬರ್ ಅದ."

ಭಾಲ್ಕಿಗಾದರೂ ರೈಲಿತ್ತು. ಔರಾದಿಗೆ ದಿನಕ್ಕೊಂದೇ ಬಸ್ಸು, ಅದೂ ಅದಕ್ಕೆ ಮನಸ್ಸು ಬಂದ ದಿನ.

ಪರೀಕ್ಷೆಯ ಬೆಳಿಗ್ಗೆ ಪಕ್ಕದ ಮನೆಯ ಶಾಕಿರಾ ಬೇಗಂ ಮಜ್ಜಿಗೆ ಕೇಳಲು ಬಂದವಳು ಬಾಗಿಲ ಮೇಲಿನ ಲೆಕ್ಕ ನೋಡಿದಳು.

"ಮೂವತ್ತೊಂಬತ್ತೇ ಯಾಕ್ರಿ ಮಾಸ್ತರ್? ಐವತ್ತು ತಗೋರಿ, ಬರಕತ್ ಇರ್ತದ."

"ಬೇಕಾಗಿದ್ದು ಮೂವತ್ತೊಂಬತ್ತರಿ ಬೇಗಂ. ಲೆಕ್ಕ ಅಂದ್ರ ಲೆಕ್ಕ."

ಬೇಗಂ ಮಜ್ಜಿಗೆ ಮರೆತು ಹೋದಳು, ಸುದ್ದಿ ಮರೆಯಲಿಲ್ಲ. ಅರ್ಧ ಗಂಟೆಯಲ್ಲಿ ಓಣಿಗೆ ಓಣಿಯೇ ಅಂಗಳದಲ್ಲಿತ್ತು. ಹಾಲಿನ ಶೇವಂತಾಬಾಯಿ, "ಅಕ್ಷರ ದಪ್ಪ ದಪ್ಪ ಬರೀರಿ, ಹಾಳಿ ತುಂಬಿದ್ರ ಮಾರ್ಕ್ ಬೀಳ್ತಾವ" ಎಂದಳು. ಪರೀಕ್ಷೆಗೆ ಹೊರಟಿದ್ದ ಮಕ್ಬೂಲನೂ ಬಂದ.

"ನನ್ನ ಲೆಕ್ಕಾನೂ ಒಂದೀಟು ನೋಡ್ರಿ ಉಸ್ತಾದ್. ಮೂರೂ ಕೂಡಿ ಐವತ್ತಾರು ಬಂದಾವ."

ಮಾಸ್ತರರು ಬೆರಳು ಮಡಚಿದರು. "ನಿಂಗ ಇವತ್ತ ನೂರಕ್ಕ ನೂರಾ ನಾಲ್ಕು ಬೇಕಪಾ."

"ಹಂಗಾದ್ರ ಫಿಕರ್ ಇಲ್ಲ ಬಿಡ್ರಿ!" ಎಂದು ಮಕ್ಬೂಲ ಇನ್ನೊಂದು ಕಪ್ಪು ಚಹಾ ಕುಡಿದ.

"ಅವ್ರ ತಲಿ ತಿನ್ನಬ್ಯಾಡ್ರಿ, ಹೊತ್ತಾಯ್ತು" ಎಂದು ಮೀರಾಬಾಯಿ ಎಲ್ಲರನ್ನೂ ಸರಿಸಿ ದಾರಿ ಮಾಡಿದಳು. ಮಾಸ್ತರರು ಓಡುತ್ತ ಹೋಗಿ ಬೆಂಚಿನ ಮೇಲೆ ಕೂತು ಜೇಬು ಮುಟ್ಟಿಕೊಂಡರೆ ಪೆನ್ನಿಲ್ಲ. ಮಕ್ಬೂಲ ತನ್ನದನ್ನೇ ಕೊಟ್ಟ; ಅದು ಬರೆದದ್ದಕ್ಕಿಂತ ಸೋರಿದ್ದು ಹೆಚ್ಚು.

ಪರೀಕ್ಷಕರು ಮೈಸೂರ ಕಡೆಯಿಂದ ಬಂದ ಸಜ್ಜನರು. ಉಕ್ತಲೇಖನ ಮುಗಿದ ಮೇಲೆ ಮಾಸ್ತರರ ಉತ್ತರಪುಸ್ತಕ ತೆರೆದು ಹುಬ್ಬೇರಿಸಿದರು.

"ಇದೇನು ಮೇಷ್ಟ್ರೇ, ಏನೂ ಬರೆದೇ ಇಲ್ವಲ್ಲ! ಸೊನ್ನೆ ಕೊಡಲೇ?"

ಮಾಸ್ತರರು ಪುಸ್ತಕ ಇಣುಕಿ ನೋಡಿದರು. ನಲವತ್ತು ವರ್ಷದ ಉರ್ದು ರೂಢಿಯಲ್ಲಿ ಪುಸ್ತಕವನ್ನು ಬಲಗಡೆಯಿಂದ ತೆರೆದು ಕಡೆಯ ಪುಟದಿಂದ ಬರೆದುಬಿಟ್ಟಿದ್ದರು. "ತಿರುವಿ ನೋಡ್ರಿ ಸಾಹೇಬ್ರ, ಹಿಂದ ಅದ" ಎಂದು ಅಂಗಲಾಚಿದರು. ಪರೀಕ್ಷಕರು ತಿರುವಿದರು, ನಕ್ಕರು, ಏಳು ಕೊಟ್ಟರು. ಬರೆಯಲು ಕೊಟ್ಟಿದ್ದ ರಜೆ ಅರ್ಜಿಯಲ್ಲಿ ನಿಜಾಮರ ಕಾಲದ ಅದಬು, ಶಿಷ್ಟಾಚಾರದಂತೆ ಒಂದಿಡೀ ಪುಟ ಹುಜೂರರ ಹೊಗಳಿಕೆಯೇ ಇತ್ತು. ರಜೆ ಬೇಕೆಂಬ ಮಾತು ಕೊನೆಯ ಸಾಲಿನಲ್ಲಿ. ಅದಕ್ಕೆ ಹನ್ನೊಂದು ಬಿತ್ತು. ಓದಿಗೆ ಒಂಬತ್ತು, ಮಾತುಕತೆಗೆ ಹನ್ನೆರಡು.

ಸಂಜೆಯ ಹೊತ್ತಿಗೆ ಕಿಟಕಿಯಾಚೆ ಮೈಲೂರಿನ ಮುಖಗಳೇ ತುಂಬಿದ್ದವು. ಪರೀಕ್ಷಕರು ಕೂಡಿ ಹೇಳಿದರು: "ವೈಜಿನಾಥ, ಮೂವತ್ತೆಂಟು. ಒಂದೇ ಒಂದು ಅಂಕ ಕಡಿಮೆ. ಪಾಪ, ಫೇಲು."

ಕಿಟಕಿಯಲ್ಲಿ ಶಾಕಿರಾ ಬೇಗಂ ಲೊಚಗುಟ್ಟಿದಳು. ಮಾಸ್ತರರು ಅಧಿಕಾರಿಗಳ ಎದುರು ಇಷ್ಟು ವರ್ಷದಲ್ಲಿ ಒಮ್ಮೆಯೂ ತಲೆ ಎತ್ತಿದವರಲ್ಲ. ಅಂಥವರು ಎದ್ದು ನಿಂತರು. ಬೆರಳು ಮಡಚತೊಡಗಿದರು.

"ಸಾಹೇಬ್ರ, ನನ್ನ ಕನ್ನಡ ತಪ್ಪಿರಬಹುದು. ನಿಮ್ಮ ಕೂಡೋದು ತಪ್ಪದರಿ. ಒಂಬತ್ತು, ಏಳು ಹದಿನಾರು. ಹನ್ನೊಂದು ಕೂಡಿದ್ರ ಇಪ್ಪತ್ತೇಳು. ಹನ್ನೆರಡು ಕೂಡ್ರಿ, ಮೂವತ್ತೊಂಬತ್ತು. ಲೆಕ್ಕ ಅಂದ್ರ ಲೆಕ್ಕ!"

ಪರೀಕ್ಷಕರು ಮೂರು ಸಲ ಕೂಡಿದರು. ಆಮೇಲೆ ಕುರ್ಚಿಯಿಂದೆದ್ದು ಬಂದು ಕೈ ಕುಲುಕಿದರು. "ತಪ್ಪು ನನ್ನದೇ ಮೇಷ್ಟ್ರೇ. ನೀವು ಪಾಸು!"

ಮೈಲೂರು ಕುಣಿಯಿತು. ಬೇಗಂ ಒಳಗೇ ನುಗ್ಗಿ ಮಾಸ್ತರರ ಬಾಯಿಗೆ ಸಕ್ಕರೆ ಹಾಕಿದಳು. ಮಾಸ್ತರರ ಕಣ್ಣು ತುಂಬಿತ್ತು. ಇವತ್ತು ರಾತ್ರಿ ಮೀರಾಬಾಯಿಯ ಎದುರು ಕೂತು ಹೊಟ್ಟೆ ತುಂಬ ಉಣ್ಣಬೇಕೆಂದುಕೊಂಡರು.

"ಇಷ್ಟು ಮಂದಿಯಲ್ಲಿ ಪಾಸಾದವರು ನೀವೊಬ್ಬರೇ" ಎನ್ನುತ್ತ ಪರೀಕ್ಷಕರು ಫೈಲಿನಿಂದ ಒಂದು ಕಾಗದ ತೆಗೆದು ಹೆಸರು ತುಂಬಿದರು. "ಔರಾದಿನಲ್ಲಿ ಕನ್ನಡ ಕಲಿಸೋಕೆ ಯಾರೂ ಇಲ್ಲ. ಪಾಸಾದವರನ್ನ ಕೂಡಲೇ ಅಲ್ಲಿಗೆ ಕಳಿಸಬೇಕು ಅಂತ ಆರ್ಡರ್ ಇದೆ. ಸೋಮವಾರ ಹಾಜರಾಗಿ."

ಮಾಸ್ತರರ ಬಾಯಲ್ಲಿದ್ದ ಸಕ್ಕರೆ ಕರಗುವುದನ್ನೇ ಮರೆಯಿತು. "ಮತ್ತ... ಫೇಲಾದವ್ರಿಗೆ ಏನ್ರಿ?"

"ಅವರಿಗೆ ಇಲ್ಲೇ ಬೀದರದಲ್ಲಿ ಎರಡು ವರ್ಷ ತರಬೇತಿ. ಮುಗಿಯೋವರೆಗೆ ಎಲ್ಲಿಗೂ ವರ್ಗ ಇಲ್ಲ."

ಹಿಂದಿನ ಬೆಂಚಿನಲ್ಲಿ ಮಕ್ಬೂಲ ಮೇಲೆ ನೋಡಿ ಎರಡೂ ಕೈ ಎತ್ತಿ ದೇವರಿಗೆ ಶುಕ್ರಿಯಾ ಹೇಳಿದ.

ಮಾಸ್ತರರು ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. "ಸಾಹೇಬ್ರ, ಆ ಒಂದು ಮಾರ್ಕ್... ವಾಪಸ್ ತಗೊಂಡ್ಬಿಡ್ರಿ."

ಪರೀಕ್ಷಕರು ಅವರ ಭುಜದ ಮೇಲೆ ಕೈಯಿಟ್ಟರು. ಮುಖದಲ್ಲಿ ಮೆಚ್ಚುಗೆ ತುಂಬಿ ತುಳುಕುತ್ತಿತ್ತು.

"ಹೇಗೆ ತಗೊಳ್ಳಲಿ ಮೇಷ್ಟ್ರೇ? ಲೆಕ್ಕ ಅಂದ್ರೆ ಲೆಕ್ಕ."