ಭೀಮಗೊಂಡನ ನುಣುಪು ಕಲ್ಲು

ಮಂಗಸೂಳಿಯ ಭೀಮಗೊಂಡ ಆ ದಿನ ಕುಡಚಿ ಸ್ಟೇಶನ್ನಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಬೆಂಚಿನ ಆ ತುದಿಗೆ ದಿಗ್ಗೇವಾಡಿಯ ದಾದಾಸಾಹೇಬರು ಎಂಬ ಹಿರಿಯರು ಕುಳಿತಿದ್ದರು. ಮಾತಿಗೆ ಮಾತು ಬಂದು, ಐವತ್ತು ವರ್ಷದಿಂದ ತಮ್ಮ ಕೆನ್ನೆಗೆ ಮತ್ತೊಬ್ಬರ ಕೈ ತಾಗಿಲ್ಲ, ಸ್ವಂತ ಕತ್ತಿ, ಸ್ವಂತ ಮಸೆಗಲ್ಲು, ತಾವೇ ಮಸೆದು ತಾವೇ ಗಡ್ಡ ಮಾಡಿಕೊಳ್ಳುತ್ತೇವೆ ಎಂದರು. ಭೀಮಗೊಂಡ ತಲೆ ಆಡಿಸಿ ಸುಮ್ಮನಿದ್ದರೆ ಸಾಕಿತ್ತು.

"ನಾನೂ ಹಂಗ ರೀ" ಎಂದುಬಿಟ್ಟ.

ಹಿರಿಯರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈಗಿನ ಹುಡುಗೂರಾಗ ಇಂಥಾವ್ರೂ ಅದಾರಂತ ಗೊತ್ತಿರಲಿಲ್ಲ. ಲಗ್ನ ಆಗೈತೇನು?"

ಆಗಿರಲಿಲ್ಲ. ಮೂವತ್ಮೂರು ವರ್ಷವಾಗಿತ್ತು, ಏಳು ಸಂಬಂಧ ಬಂದು ಹೊಸ್ತಿಲಿನಿಂದಲೇ ತಿರುಗಿ ಹೋಗಿದ್ದವು. ದಾದಾಸಾಹೇಬರು ಅಲ್ಲೇ ಕುಳಿತು, ಬರುವ ಐತವಾರ ಸಂಜೆ ಐದರ ಬಸ್ಸಿಗೆ ಸೊಸೆಯನ್ನು ಕರೆದುಕೊಂಡು ಮನೆ ನೋಡಲು ಬರುವುದಾಗಿ ಹೇಳಿದರು. ಮೊಮ್ಮಗಳ ಹೆಸರು ಸುಗಂಧಾ.

ನಿಜ ಹೇಳಬೇಕೆಂದರೆ ಸೊಸೈಟಿಯಲ್ಲಿ ಗೊಬ್ಬರದ ಚೀಲ ತೂಗುವ ಭೀಮಗೊಂಡನ ಗಡ್ಡ, ಮೂಡಿದ ದಿನದಿಂದ ನಾವಲಿಗರ ಸತ್ತೆಪ್ಪನ ಕೈಯಲ್ಲೇ ಇತ್ತು. ಈಗ ಸತ್ತೆಪ್ಪನ ಮುಂದೆ ಕೂತು ಗಡ್ಡ ಮಾಡಿಸಿಕೊಂಡರೆ ಸುದ್ದಿ ಬಸ್ಸಿಗಿಂತ ಮೊದಲು ದಿಗ್ಗೇವಾಡಿ ಮುಟ್ಟುತ್ತದೆ. ಮನೆಯ ಟ್ರಂಕಿನಲ್ಲಿ ಅಜ್ಜನ ಕ್ಷೌರದ ಕತ್ತಿ ಇದ್ದದ್ದು ನೆನಪಾಯಿತು. ಕಲ್ಲೊಂದು ಬೇಕು ಎಂದುಕೊಂಡು ಕುಡಚಿ ಪೇಟೆಯ ಹಳೆಯ ಕಬ್ಬಿಣದ ಅಂಗಡಿಗೆ ಹೋದ.

"ನಿಮ್ಮ ಹಂತೇಕ ಇರೂದ್ರಾಗ ಎಲ್ಲಾಕಿಂತ ನುಣುಪು ಮಸಗಲ್ಲ ಕೊಡ್ರಿ."

ಅಂಗಡಿಯ ಮುದುಕ ಗೂಡಿನಿಂದ ಅಂಗೈಯಗಲದ ಹಸಿರುಗಪ್ಪು ಕಲ್ಲು ತೆಗೆದ. ಬೆರಳಿಟ್ಟರೆ ಜಾರುವಷ್ಟು ನಯ. "ಇದು ಎಲ್ಲಾ ಮುಗದ ಮ್ಯಾಲ ಕಡೀಕ ಹಿಡಿಯೂ ಕಲ್ಲರಿ. ಮೊದಲ ಒರಟ ಕಲ್ಲ ಬೇಕು. ಮನ್ಯಾಗ ಐತಲ್ಲ?"

"ಒರಟ ಯಾಕ್ರಿ? ಮಾರಿಗೆ ಹಚ್ಚೂ ಕತ್ತಿ ಅದು."

ಮುದುಕ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. "ಹಂಗಾದ್ರ ಆ ಅಲ್ಲಾನ ನಿಮ್ಮ ಮಾರಿ ಕಾಯಲಿ" ಎಂದು ಕಲ್ಲನ್ನು ಕಾಗದದಲ್ಲಿ ಸುತ್ತಿಕೊಟ್ಟ.

ಐತವಾರ ಮುಂಜಾನೆ ಭೀಮಗೊಂಡ ಹಿತ್ತಲ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕುಳಿತ. ನಾಲ್ಕು ದಿನದ ಗಡ್ಡ ಕುರುಚಲಾಗಿ ನಿಂತಿತ್ತು. ಕಲ್ಲಿನ ಮೇಲೆ ನೀರು ಬಿಟ್ಟು ಕತ್ತಿ ಆಡಿಸಿದ. ಒಂದು ತಾಸಾಯಿತು. ತುಕ್ಕು ಹೋಗಿ ಕತ್ತಿ ಎಂಥ ಹೊಳಪು ಹೊಳೆಯಿತೆಂದರೆ ಅದರಲ್ಲಿ ಅವನ ಹಲ್ಲು ಎಣಿಸಬಹುದಿತ್ತು. ಆದರೆ ಬೇವಿನ ಎಲೆಯ ಮೇಲೆ ಇಟ್ಟು ಎಳೆದರೆ ಎಲೆ ಮಡಚಿಕೊಂಡಿತೇ ಹೊರತು ಹರಿಯಲಿಲ್ಲ. ಇಷ್ಟು ಹೊಳೆಯುವುದು ಯಾಕೆ ಕೊಯ್ಯುವುದಿಲ್ಲ ಎಂಬುದು ಅವನಿಗೆ ಬಗೆಹರಿಯಲಿಲ್ಲ.

ಕುರಿ ಹೊಡೆದುಕೊಂಡು ಹೊರಟಿದ್ದ ಮಲಕಾರಿ ಬೇಲಿಯಾಚೆ ನಿಂತ. ವರ್ಷಕ್ಕೆರಡು ಸಲ ನೂರು ಕುರಿಯ ಉಣ್ಣೆ ಕತ್ತರಿಸುವವನು. ಮಸೆಯುವ ವಿಷಯದಲ್ಲಿ ಸುಮ್ಮನೆ ಹಾದು ಹೋಗುವುದು ಅವನಿಂದ ಸಾಧ್ಯವಿರಲಿಲ್ಲ.

"ನೀರ ಯಾಕ ಬಿಟ್ರಿ ಗೌಡ್ರ? ಎಣ್ಣಿ ಬಿಡ್ರಿ. ಹಿಂಗ ಮುದ್ದ ಮಾಡಿದ್ರ ಅದು ಕೇಳತೈತೇನು? ಒತ್ತಿ ತಿಕ್ರಿ."

ಎಣ್ಣೆ ಬಿಟ್ಟು ಒತ್ತಿ ತಿಕ್ಕಿದ. ಮಲಕಾರಿ ಬೇಲಿ ದಾಟಿ ಬಂದು ಕತ್ತಿ ಇಸಿದುಕೊಂಡು, ಹರಿತ ನೋಡುತ್ತೇನೆಂದು ಬಾವಿಯ ಹಗ್ಗದ ತುದಿಯ ಮೇಲೆ ನಾಲ್ಕು ಸಲ ಗರಗರ ಎಳೆದ. "ಇನ್ನೂ ಆಗಬೇಕ್ರಿ" ಎಂದು ಹೇಳಿ ಕುರಿಯ ಹಿಂದೆ ಹೋದ. ಮುಂಜಾನೆಯಿಂದ ಬಂದಿದ್ದ ಅಷ್ಟಿಷ್ಟು ಧಾರೆಯೂ ಹಗ್ಗದ ಮೇಲೆ ಉಳಿಯಿತು.

ಒಳಗಿನಿಂದ ಅವ್ವ ಉಪ್ಪಿಟ್ಟು ಆರುತ್ತದೆಂದು ಮೂರನೆಯ ಸಲ ಕೂಗಿದಳು. ಭೀಮಗೊಂಡನಿಗೆ ರೇಗಿತು. "ಇದು ಮುಗಿಯೂತನಾ ನಾ ಒಂದ ಹನಿ ನೀರೂ ಮುಟ್ಟಂಗಿಲ್ಲ, ಸುಮ್ಮನಿರ ಬೇ" ಎಂದು ಜೋರಾಗಿಯೇ ಹೇಳಿದ. ನೆರೆಮನೆಯ ಗೋಡೆಯಾಚೆ ತಾರಾಬಾಯಿ ಅರಿವೆ ಒಣಹಾಕುತ್ತಿದ್ದದ್ದು ಅವನಿಗೆ ತಿಳಿಯದು.

ಆದದ್ದಾಗಲಿ ಎಂದು ಸಾಬೂನು ಹಚ್ಚಿಕೊಂಡು ಕತ್ತಿಯನ್ನು ಎಡಗೆನ್ನೆಗೆ ಇಟ್ಟ. ಅದು ಎರಡು ಬೆರಳಷ್ಟು ಜಾರಿ, ಆಮೇಲೆ ಕೂದಲನ್ನು ಕಚ್ಚಿ ಹಿಡಿದು ನಿಂತಿತು. ಹಿಂದಕ್ಕೂ ಬರಲೊಲ್ಲದು, ಮುಂದಕ್ಕೂ ಹೋಗಲೊಲ್ಲದು. ಕಣ್ಣು ಮುಚ್ಚಿ ಜಗ್ಗಿದ. ಕತ್ತಿ ಜಾರಿ ತೊಡೆಯ ಮರೆಗೆ ಬಿತ್ತು. ಅರ್ಧ ಕಿತ್ತು ಜೋತಾಡುತ್ತಿದ್ದ ಕೂದಲನ್ನು ಬೆರಳಿನಿಂದ ಒಂದೊಂದಾಗಿ ಎಳೆದು ಕಲ್ಲಿನ ಮೇಲೆ ಇಟ್ಟ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ನೆರೆಯವರಿಗೆ ಕೇಳಿಸಬಾರದೆಂದು ಹಲ್ಲು ಕಚ್ಚಿದ್ದ.

ತಾರಾಬಾಯಿ ಗೋಡೆಯ ಮೇಲಿಂದ ಇಣುಕಿದ್ದು ಆಗ. ಎರಡೂ ಮನೆಯವರು ಜೈನರು. ಜೈನ ಮುನಿಗಳು ಕತ್ತಿ ಕತ್ತರಿ ಮುಟ್ಟುವುದಿಲ್ಲ. ಉಪವಾಸವಿದ್ದು ತಲೆ ಗಡ್ಡದ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ, ಅದೇ ಕೇಶಲೋಚ. ತಾರಾಬಾಯಿ ಅದನ್ನು ನಿಪ್ಪಾಣಿ ಕಡೆ ಎರಡು ಸಲ ಕಣ್ಣಾರೆ ನೋಡಿ ಬಂದವಳು. ಗಿಡದ ಕೆಳಗೆ ಚಾಪೆ, ಮುಚ್ಚಿದ ಕಣ್ಣು, ಲೋಚಕ್ಕೆ ಹಚ್ಚುವ ಬೂದಿಯಂತೆ ಕಂಡ ಸಾಬೂನು, ಕಿತ್ತ ಕೂದಲು, ಈಗಷ್ಟೇ ಕೇಳಿದ ಉಪವಾಸದ ಮಾತು. ಕೈಯಲ್ಲಿದ್ದ ಅರಿವೆಯನ್ನು ಗೋಡೆಯ ಮೇಲೇ ಬಿಟ್ಟಳು.

"ಭೀಮಾ, ಭಾಳ ತ್ರಾಸ ಆಗಾಕತ್ತೈತೇನೋ?"

ಸಿಕ್ಕಿಬಿದ್ದೆ ಎಂದುಕೊಂಡ ಭೀಮಗೊಂಡ ಮುಖವನ್ನು ಗಟ್ಟಿ ಮಾಡಿಕೊಂಡ. "ಏನಿಲ್ಲ ಕಾಕು. ರೂಢಿ ಆದ್ರ ಏನೂ ಅನಸಂಗಿಲ್ಲಂತ."

"ಈ ಮನಸ್ಸು ಯಾವಾಗ ಆತು ನಿನಗ?"

"ಕುಡಚಿ ಸ್ಟೇಶನ್ನಾಗ ಒಬ್ಬರು ಹಿರಿಯಾರು ಸಿಕ್ಕಿದ್ರು. ಐವತ್ತ ವರ್ಷದಿಂದ ಅವರು ಮತ್ತೊಬ್ಬರ ಕೈಲೆ ಮಾಡಸಿಕೊಂಡಿಲ್ಲ. ಇವತ್ತ ಸಂಜಿ ಐದಕ್ಕ ಬರ್ತಾರ."

ತಾರಾಬಾಯಿ ಕೈ ಮುಗಿದಳು. "ನೀವು ಧನ್ಯರು ಬಿಡ್ರಿ" ಎಂದು ಗೋಡೆಯ ಹಿಂದೆ ಮಾಯವಾದಳು. ತೊಟ್ಟಿಲಲ್ಲಿ ನೋಡಿದಂದಿನಿಂದ 'ಲೇ ಭೀಮಾ' ಎನ್ನುತ್ತಿದ್ದವಳು ಒಮ್ಮೆಗೇ 'ನೀವು' ಅಂದದ್ದು ಯಾಕೆ? ಕನ್ಯೆಯ ಕಡೆಯವರು ಬರುತ್ತಾರೆಂದು ಈಗಿನಿಂದಲೇ ಮರ್ಯಾದೆ ಕೊಡುತ್ತಿರಬೇಕು ಎಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ತುಂಬಿತು. ಹೆಣ್ಣುಮಕ್ಕಳು ತೆಂಗಿನಕಾಯಿ ತಂದು ಚಾಪೆಯ ಮುಂದೆ ಇಟ್ಟರು. ಸೊಸೈಟಿಯ ಸೆಕ್ರೆಟರಿ ಜ್ಞಾನದೇವ, ಒಂದು ದಿನದ ರಜೆಗೆ ಮೂರು ದಿನ ಕಾಡಿಸುವವನು, ಬಂದು ಕಾಲು ಮುಟ್ಟಿದ.

"ನಿಮ್ಮ ಸೈಕಲ್ ಯಾರಿಗೆ ಬಿಡಬೇಕಂತ ಮಾಡೀರಿ?" ಎಂದು ಮೆಲ್ಲಗೆ ಕೇಳಿದ.

"ಸೈಕಲ್ ಯಾಕ ಬಿಡ್ಲಿ?"

"ಇನ್ನ ಮ್ಯಾಲ ನಡದ ಹೋಗೂದ ಅಲ್ಲರಿ ಎಲ್ಲಾ. ಆ ಎಚ್‌ಎಂಟಿ ಗಡಿಯಾರಾನೂ ನಿಮಗ ಬ್ಯಾಡಾಗ್ತೈತಿ. ಗಡಬಡಿ ಇಲ್ಲ, ವಿಚಾರ ಮಾಡ್ರಿ."

ಲಗ್ನವಾದರೆ ಸೈಕಲ್ಲು ಗಡಿಯಾರ ಬಿಡಬೇಕೆಂಬ ಪದ್ಧತಿ ಯಾವಾಗ ಬಂತು? ಹಸಿವಿಗೆ ಭೀಮಗೊಂಡನ ತಲೆ ಗಿಮ್ಮೆನ್ನುತ್ತಿತ್ತು. ಎಡಗೆನ್ನೆ ಅರ್ಧ ಕಿತ್ತು ಕೆಂಪಾಗಿತ್ತು, ಬಲಗೆನ್ನೆ ಹಾಗೇ ಇತ್ತು. ನಾಲ್ಕು ಗಂಟೆ ದಾಟಿತ್ತು. ಮಾನ ಹೋದರೂ ಚಿಂತೆಯಿಲ್ಲವೆಂದು, ಗುಂಪಿನ ಹಿಂದೆ ನಿಂತಿದ್ದ ಸತ್ತೆಪ್ಪನನ್ನು ದನದ ಕೊಟ್ಟಿಗೆಗೆ ಎಳೆದುಕೊಂಡು ಹೋದ.

"ಸತ್ತೆಪ್ಪಾ, ಯಾರಿಗೂ ಹೇಳಬ್ಯಾಡ. ಎರಡ ಮಿನಿಟ್ನ್ಯಾಗ ಕೆರದ ಬಿಡು."

ಸತ್ತೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರಿ ಗೌಡ್ರ. ದೀಕ್ಷಾ ತಗೊಳ್ಳಾವ್ರಿಗೆ ನಾ ಕತ್ತಿ ಹಚ್ಚಿದ್ರ ನನ್ನ ಮಕ್ಕಳಿಗೆ ಪಾಪ ಸುತ್ತತೈತಿ. ಅರ್ಧಾ ಕಿತ್ತೀರಿ, ಇನ್ನರ್ಧಾನೂ ಧೈರ್ಯಾ ಮಾಡ್ರಿ."

ಆಗ ಭೀಮಗೊಂಡನಿಗೆ ಗೊತ್ತಾಯಿತು. ತಾನು ಸನ್ಯಾಸಿಯಾಗುತ್ತಿದ್ದೇನೆ ಎಂಬುದು ಇಡೀ ಊರಿಗೆ ತಿಳಿದು, ಕಡೆಗೆ ತನಗೆ ತಿಳಿದಿತ್ತು. ಹೌದೆಂದರೆ ಲಗ್ನವಿಲ್ಲ. ಅಲ್ಲ, ಗಡ್ಡ ಮಾಡಿಕೊಳ್ಳಲು ಬಾರದೆ ಕಿತ್ತು ಬಂದದ್ದು ಎಂದರೆ ಸ್ಟೇಶನ್ನಿನ ಸುಳ್ಳು ಬಯಲಾಗಿ ಆಗಲೂ ಲಗ್ನವಿಲ್ಲ. ಯಾವುದನ್ನು ಹೇಳಲಿ ಎಂದು ನಿರ್ಧರಿಸುವ ಮೊದಲೇ ಐದರ ಬಸ್ಸು ಬಂತು.

ದಾದಾಸಾಹೇಬರು ಸುದ್ದಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಕೇಳಿಕೊಂಡು ಬಂದಿದ್ದರು. ಸೊಸೆ ರಾಜಮತಿ, ಅಂದರೆ ಕನ್ಯೆಯ ತಾಯಿ, ಮುಖ ಬಿಗಿದುಕೊಂಡು ಗೋಡೆಗೆ ಒರಗಿ ಕುಳಿತಳು. ಹಿರಿಯರು ಕತ್ತಿ ಎತ್ತಿ ಬೆಳಕಿಗೆ ಹಿಡಿದರು, ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿದರು, ಕಲ್ಲನ್ನು ಸವರಿದರು. ಕಲ್ಲನ್ನು ಸವರುವಾಗ ಮಾತ್ರ ಕಣ್ಣು ಅರಳಿತು.

"ತಮ್ಮಾ, ಕಲ್ಲು ಬಂಗಾರದಂಥಾದ್ದೈತಿ. ಆದ್ರ ನೀ ಕಡೀ ಕಲ್ಲು ಮೊದಲ ಹಿಡದಿ. ಒರಟ ಕಲ್ಲಿನ್ಯಾಗ ಧಾರ ಎಬ್ಬಿಸಬೇಕು, ಆಮ್ಯಾಲ ಇದರಾಗ ನಯಾ ಮಾಡಬೇಕು. ವೈರಾಗ್ಯದ್ದೂ ಹಂಗ. ಸಂಸಾರ ಅನ್ನೂದು ಒರಟ ಕಲ್ಲು. ಮೊದಲ ಅದರಾಗ ತಿಕ್ಕಿಸ್ಕೊ, ದೀಕ್ಷಾದ ಮಾತು ಆಮ್ಯಾಲ."

ಭೀಮಗೊಂಡನಿಗೆ ಹೋದ ಜೀವ ಬಂದಂತಾಯಿತು. ಸುಳ್ಳೂ ಉಳಿಯುತ್ತದೆ, ಲಗ್ನವೂ ಆಗುತ್ತದೆ. ಹಿರಿಯರು ಬಾಗಿಲು ತೆರೆದುಕೊಟ್ಟಿದ್ದರು, ಸುಮ್ಮನೆ ತಲೆ ಆಡಿಸಿ ಒಳಗೆ ಹೋದರೆ ಸಾಕಿತ್ತು.

"ಖರೇ ಐತ್ರಿ ಅಜ್ಜಾರ. ನನಗೀಗ ಬೇಕಾಗಿದ್ದು ಒರಟ ಕಲ್ಲು. ನಿಮ್ಮ ಸುಗಂಧಾನಂಥಾ ಒರಟ ಕಲ್ಲು ಮತ್ತೆಲ್ಲೂ ಸಿಗಂಗಿಲ್ಲ" ಎಂದ.

ರಾಜಮತಿ ಕೈಯಲ್ಲಿದ್ದ ಚಹದ ಕಪ್ಪನ್ನು ಕೆಳಗಿಟ್ಟಳು. "ಮಾವಾರ, ಏಳ್ರಿ. ಇವರ ತುಕ್ಕ ತಿಕ್ಕಾಕ ನಾ ಮಗಳನ್ನ ಎಸ್ಸೆಸ್ಸೆಲ್ಸಿ ಓದಿಸಿಲ್ಲ."

"ಅವ ಒಳ್ಳೇದಕ್ಕ ಅಂದಾನವಾ" ಎಂದು ದಾದಾಸಾಹೇಬರು ಅನ್ನುವುದರೊಳಗೆ ಅವಳು ಅಂಗಳ ದಾಟಿದ್ದಳು. ಹಿರಿಯರು ನಿಟ್ಟುಸಿರು ಬಿಟ್ಟು ಎದ್ದರು. ಏಳುವಾಗ ಕಲ್ಲನ್ನು ಟವೆಲಿನಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡರು. "ಎಲ್ಲಾ ಬಿಡಾವ್ರಿಗೆ ಇದೊಂದು ಯಾಕ ತಮ್ಮಾ" ಎಂದು ಬೆನ್ನು ತಟ್ಟಿ ಸೊಸೆಯ ಹಿಂದೆ ನಡೆದರು.

"ನೋಡ್ರಿ, ಮನೀತನಾ ಬಂದ ಕನ್ಯಾನ ಒಂದ ಮಾತಿಗೆ ತಿರುಗಿಸಿ ಕಳಸಿದ್ರು" ಎಂದು ತಾರಾಬಾಯಿ ಗುಂಪಿಗೆ ಹೇಳಿದಳು. "ವೈರಾಗ್ಯ ಅಂದ್ರ ಇದು." ಎಲ್ಲರೂ ಮತ್ತೊಮ್ಮೆ ಕೈ ಮುಗಿದರು. ಜ್ಞಾನದೇವ ಇನ್ನು ಕೇಳುವುದೇನಿದೆ ಎಂಬಂತೆ ಸೈಕಲ್ಲಿನ ಸ್ಟ್ಯಾಂಡು ತೆಗೆದ.

ಜನ ಕರಗಿದ ಮೇಲೆ ಅವ್ವ ಕಣ್ಣೊರೆಸಿಕೊಳ್ಳುತ್ತ, ಬೀಗರಿಗೆಂದು ಮಾಡಿದ್ದ ಶಿರಾವನ್ನು ತಾಟಿನ ತುಂಬ ತಂದು ಇಟ್ಟಳು. ಮುಂಜಾನೆಯಿಂದ ಹನಿ ನೀರಿಲ್ಲದ ಭೀಮಗೊಂಡ, ಅರ್ಧ ಗಡ್ಡ, ಅರ್ಧ ಗಾಯ, ಸೈಕಲ್ಲಿಲ್ಲ, ಕಲ್ಲಿಲ್ಲ, ಆದರೂ ಇದೊಂದಿದೆಯಲ್ಲ ಎಂದು ದೊಡ್ಡ ತುತ್ತನ್ನೇ ಎತ್ತಿದ.

ಗೋಡೆಯ ಮೇಲೆ ತಾರಾಬಾಯಿಯ ತಲೆ ಮೂಡಿತು.

"ಮಹಾರಾಜ್ರ, ದಿನಾ ಮುಳುಗೇತ್ರಿ. ಹೊತ್ತ ಮುಳುಗಿದ ಮ್ಯಾಲ ನಾವ ಉಣ್ಣಂಗಿಲ್ಲ, ನೀವು ಉಂಡ್ರ ಹೆಂಗ?"

ಭೀಮಗೊಂಡ ಪಡುವಲ ದಿಕ್ಕಿಗೆ ನೋಡಿದ. ನಿಜವಾಗಿಯೂ ಮುಳುಗಿತ್ತು. ತುತ್ತನ್ನು ತಾಟಿಗೆ ಇಳಿಸಿ ಕೈ ತೊಳೆದುಕೊಂಡ.