ಪರದೆಯ ಮೇಲೆ ಬಂದವನು ನಾನೇ

ನಾನು ಸುಳ್ಳು ಹೇಳಿದಾಗೆಲ್ಲ ಹತ್ತು ಮಂದಿ ಬಾಯಿ ತೆಗೆದು ಕೂತು ಕೇಳುತ್ತಿದ್ದರು. ಖರೆ ಹೇಳಿದ ದಿನ ಮಾತ್ರ ಏನಾದರೊಂದು ಅಡ್ಡ ಬಂದೇ ಬರುತ್ತಿತ್ತು. ಒಂದು ಸಲ ಆದರೆ ಮರೆಯಬಹುದು. ನನಗೆ ಬಿಡದೆ ಆಗುತ್ತಲೇ ಬಂತು.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಗಿರಣಿಯ ಹತ್ತಿ ಮೂಟೆ ಇಳಿಸಲು ರೈಲಿನಲ್ಲಿ ಮದ್ರಾಸಿಗೆ ಹೋದ ನನ್ನನ್ನು ಸಿನಿಮಾದವರು ಹಿಡಿದರು. ನನ್ನ ಎತ್ತರ, ನನ್ನ ಮೀಸೆ ನೋಡಿ ರಾಜನ ಪಾರ್ಟಿನವನೇ ಸಿಂಹಾಸನ ಬಿಟ್ಟು ಎದ್ದು ನಿಂತುಬಿಟ್ಟ. ನನ್ನ ಕೈಗೆ ಭರ್ಜಿ ಕೊಟ್ಟು ದರ್ಬಾರಿನ ಬಾಗಿಲಲ್ಲಿ ನಿಲ್ಲಿಸಿ, 'ಮಾತಾಡಬೇಡ, ನಗಬೇಡ, ಯಂತ್ರದ ಕಡೆ ನೋಡಬೇಡ' ಅಂದರು. ನೋಡಿದೆ. ನಕ್ಕೂಬಿಟ್ಟೆ. ಮೂರು ಸಲ ಕಣ್ಣು ಮಿಟುಕಿಸುವಷ್ಟು ಹೊತ್ತು, ಅದೇ ನನ್ನ ಪಾರ್ಟು.

ಊರಿಗೆ ಬಂದು ಹೇಳಿದರೆ ಹೆಂಡತಿ ಬಟ್ಟೆ ಗಂಟು ಕಟ್ಟಿದಳು. ಹಿಂದಿನ ವಾರವಷ್ಟೇ ನಾನು ಸಂಗನಕಲ್ಲು ಗುಡ್ಡದಲ್ಲಿ ಚಿರತೆಯ ಕಿವಿ ಹಿಂಡಿದ್ದು, ಮರುದಿನ ಅದು ತಪ್ಪಾಯಿತು ಅನ್ನಲು ಬಂದದ್ದು, ಎಲ್ಲ ಕೇಳಿದ್ದಳು.

'ಚಿರತಿ ತಡ್ಕೊಂಡೆ, ಸಿನಿಮಾ ತಡ್ಕೊಳ್ಳಾಕ ಆಗೂದಿಲ್ಲ. ಕುರುಗೋಡಿಗೆ ನಮ್ಮಪ್ಪನ ಮನಿಗೆ ಹೊಂಟೀನಿ. ನೀ ಹೇಳಿದ್ದರಾಗ ಒಂದರ ಖರೆ ಅಂತ ತೋರ್ಸು, ಅವತ್ತ ಬರ್ತೀನಿ.'

ನಾನೇ ರೊಟ್ಟಿ ತಟ್ಟಿಕೊಂಡೆ. ಬಾಗಿಲಿನ ನಾಯಿ ಅದನ್ನು ಮೂಸಿ, ನನ್ನ ಮುಖ ನೋಡಿ, ಪಕ್ಕದ ಮನೆಗೆ ಹೋಯಿತು.

೧. ಬಳ್ಳಾರಿ: ಎಲೆ ಅಡಿಕೆ

ಕಡೆಗೂ ಆ ಸಿನಿಮಾ ಬಳ್ಳಾರಿಗೆ ಬಂತು. 'ನಮ್ಮಪ್ಪ ನೋಡಿ ಹೂಂ ಅಂದ್ರ ಸಾಕು' ಎಂದು ಹೆಂಡತಿ ಹೇಳಿ ಕಳಿಸಿದಳು. ಮಾವನನ್ನು ಗಾಡಿ ಕಟ್ಟಿ ಕರೆತಂದು ಮುಂದಿನ ಬೆಂಚಿನಲ್ಲಿ ಕೂಡಿಸಿದೆ. ದರ್ಬಾರು ಬಂತು. ಮಾವನ ತೊಡೆ ತಟ್ಟಿದೆ.

'ನೋಡ್ರಿ ಮಾವಾರ, ಈಗ ಬರ್ತೀನಿ!'

ಮಾವನ ಬಾಯಿ ತುಂಬ ಎಲೆ ಅಡಿಕೆ. ಉಗುಳಲು ಬಗ್ಗಿದ. ಏಳುವಷ್ಟರಲ್ಲಿ ನಾನು ಬಂದು ಹೋಗಿದ್ದೆ.

'ಯಾವಾಗ ಬರ್ತೀಪಾ?'

'ಬಂದಿದ್ದೆ ರೀ. ನೀವು ಉಗುಳಾಕ ಹತ್ತಿದ್ರಿ.'

'ಮತ್ತ ನಾ ಉಗುಳೂತನಕ ನಿಂದ್ರಬಾರದೇನು? ಅಳಿಯ ಅನ್ನಿಸಿಕೊಂಡೀದಿ!'

೨. ಸಿರುಗುಪ್ಪ: ಮೊಣಕೈ

ಅದೇ ರೀಲು ಸಿರುಗುಪ್ಪದ ಟೆಂಟಿಗೆ ಹೋಯಿತು. ಮಾವನ ಕಾಲು ಹಿಡಿದು ಮತ್ತೆ ಕರೆದೊಯ್ದೆ. ಈ ಸಲ ಎಲೆ ಅಡಿಕೆ ಚೀಲ ನನ್ನ ಕೈಯಲ್ಲಿ.

ಹಿಂದಿನ ದಿನ ರೀಲು ಹರಿದಿದ್ದು ನನಗೇನು ಗೊತ್ತು? ಹರಿದ ಕಡೆ ಒಂದಷ್ಟು ಕತ್ತರಿಸಿ ಅಂಟಿಸುವುದು ಟೆಂಟಿನವರ ಪದ್ಧತಿ. ನನ್ನನ್ನೇ ಕತ್ತರಿಸಿದ್ದರು! ಉಳಿದಿದ್ದು ರಾಜ ನನ್ನ ಮುಂದೆ ಹಾದುಹೋಗುವ ಹೊತ್ತು ಮಾತ್ರ. ಅವನ ಕಿರೀಟದ ಪಕ್ಕ ಒಂದು ಮೊಣಕೈ.

'ಅದ! ಅದ ನಾನು!'

'ಲೇ, ಮೊಣಕೈ ಎಲ್ಲಾರಿಗೂ ಐತಿ.'

ಹೋಲಿಸಿ ನೋಡಲಿ ಎಂದು ತೋಳು ಮಡಿಚಿ ಎದ್ದು ನಿಂತೆ. ಬೆಳಕಿಗೆ ಅಡ್ಡವಾಗಿ ನನ್ನ ನೆರಳು ಪರದೆ ತುಂಬ ಬಿತ್ತು. 'ಕುಂದ್ರಲೇ ಮಗನ!' ಎಂದು ಟೆಂಟೆಲ್ಲ ಕೂಗಿತು. ಮಾವ ನಿಧಾನಕ್ಕೆ ಅಂದ:

'ಹಾಂ, ಈಗ ಕಂಡಿ ನೋಡು. ಭಾಳ ಕರ್ರಗ ಬಂದೀದಿ.'

೩. ಕುರುಗೋಡು: ಖರೆ

ಆಮೇಲೆ ಟೆಂಟು ಹೆಂಡತಿಯ ಊರಿಗೇ ಬಂತು. ಇದು ತಪ್ಪಿದರೆ ಸಾಯುವತನಕ ನನ್ನ ರೊಟ್ಟಿ ನಾನೇ ತಿನ್ನಬೇಕು. ಅವಳು ತಾನೇ ನೋಡಲು ಬರುತ್ತೇನೆ ಅಂದಿದ್ದಳು. ಮಧ್ಯಾಹ್ನವೇ ಹೋಗಿ ಆಪರೇಟರನ ಮುಂದೆ ಅತ್ತುಬಿಟ್ಟೆ. ಅವನು ಬಳ್ಳಾರಿ ಕೌಲ್ ಬಜಾರಿನ ಸಾಬ, ಮೆತ್ತಗಿನ ಮನುಷ್ಯ. ಕತ್ತರಿಸಿದ ತುಂಡುಗಳ ಡಬ್ಬಿ ಹುಡುಕಿ, ನನ್ನನ್ನು ಬಿಸಿಲಿಗೆ ಹಿಡಿದು ನೋಡಿ ಹೌದೆಂದ.

'ಆದ್ರ ಭಾಯ್, ದರ್ಬಾರಿನ ರೀಲು ಪೂರಾ ಬರಬಾದ್ ಆಗೇತಿ. ಅದನ್ನ ಇವತ್ತು ಓಡಿಸಂಗಿಲ್ಲ. ನಿನ್ನ ಎಲ್ಲಿ ಹಚ್ಚಲಿ?'

'ಎಲ್ಯಾರ ಹಚ್ಚ್ರಿ ಸಾಬ್ರ! ಮಾರಿ ಕಂಡ್ರ ಸಾಕು!'

ಸಂಜೆ ಆಟ ಶುರುವಾಯಿತು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ. ಪರದೆಯಲ್ಲಿ ರಾಜಕುಮಾರಿ ಒಬ್ಬಳೇ ಮಲಗುವ ಕೋಣೆಯಲ್ಲಿ ಹೂ ಮುಡಿಯುತ್ತಿದ್ದಳು. ಬಾಗಿಲ ಸಪ್ಪಳವಾಯಿತು. 'ಬಂದಿರಾ? ಎಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ!' ಅಂದಳು.

ಬಾಗಿಲಲ್ಲಿ ನಾನು. ಮೀಸೆ ಕೆಳಗೆ ಹಲ್ಲೆಲ್ಲ ಬಿಟ್ಟು ನಗುತ್ತ.

ಮತ್ತೆ ಅವಳು. ನಾಚಿ ತಲೆ ತಗ್ಗಿಸಿ ದೀಪ ಆರಿಸಿದಳು.

ಟೆಂಟು ಹಾರಿಹೋಗುವಂಥ ಸಿಳ್ಳೆ. ಹೆಂಡತಿ ಎದ್ದು ನಿಂತಿದ್ದಳು. ನಾನು ಜನರನ್ನು ತುಳಿದುಕೊಂಡೇ ಅವಳತ್ತ ಓಡಿದೆ.

'ನೋಡಿದ್ಯಾ? ನಾನ ಹೌದಿಲ್ಲೋ?'

'ನೀನ. ಹತ್ತಿ ಇಳಿಸಾಕ ಹೋದವಗ ಆಕಿ ಕೋಣ್ಯಾಗ ಏನಿತ್ತು ಕೆಲಸ?'

'ಅಯ್ಯೋ, ಆಕಿನ್ನ ನಾ ನೋಡೇ ಇಲ್ಲ! ಅದು ಸಾಬ್ರು ಅಂಟಿಸಿದ್ದು!'

'ದೀಪ ಆರಿಸಿದ್ದೂ ಸಾಬ್ರು ಏನು?'

ಸಾಬ ಬಂದು ಅಲ್ಲಾನ ಆಣೆ ಇಟ್ಟ. ನಾನು ಮಣ್ಣು ಮುಟ್ಟಿ ಆಣೆ ಇಟ್ಟೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

'ಬಿಡು. ನೀ ಹೇಳಿದ್ದು ಸುಳ್ಳಾಗಿದ್ರ, ಹೋಗ್ಲಿ ಪಾಪ ಅಂತ ನಾಳೆನ ಬಂದುಬಿಡ್ತಿದ್ದೆ. ಖರೆ ಆತಲ್ಲ, ಇನ್ನ ಹೆಂಗ ಬರ್ಲಿ?'