ರೈಲು ಹಿಡಿಸಿಕೊಟ್ಟ ತಪ್ಪಿಗೆ ಮೂರು ತಿಂಗಳು

ಪ್ರವಾಸಿ ಮಂದಿರದ ಜಗಲಿ, ಕಡೂರು
ಆಗಸ್ಟ್ ೧೯೭೯, ಸೋಮವಾರ

ನನ್ನ ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟು, ಅದಕ್ಕೂ ನನಗೂ ವಿಶ್ರಾಂತಿ ಕರುಣಿಸಿದ ಸಾರಿಗೆ ಸಾಹೇಬರ ಸನ್ನಿಧಿಗೆ, ತರೀಕೆರೆ-ಕಡೂರು ಬಸ್ಸಿನ ಡ್ರೈವರ್ ದೇವೀರಪ್ಪನ ಸಾಷ್ಟಾಂಗ ನಮಸ್ಕಾರಗಳು. ಇದರ ಒಂದು ಪ್ರತಿಯನ್ನು ಬಸ್ ಸ್ಟ್ಯಾಂಡಿನ ಗೋಡೆಗೂ ಅಂಟಿಸುತ್ತೇನೆ.

ಮಾನ್ಯರೇ,

ತಮ್ಮ ಆದೇಶದಲ್ಲಿರುವುದೆಲ್ಲ ಸತ್ಯ. ಕಳೆದ ತಿಂಗಳು ನಾನು ಬಸ್ಸನ್ನು ರೈಲಿನ ಜೊತೆ ಪಂದ್ಯಕ್ಕೆ ಬಿಟ್ಟಿದ್ದೂ ನಿಜ, ತಿರುವಿನಲ್ಲಿ ಪಕ್ಕದ ಸೀಟಿನ ಈಶ್ವರಮ್ಮನವರ ಮಜ್ಜಿಗೆ ಗಡಿಗೆ ತಮ್ಮ ತೊಡೆಯ ಮೇಲೆ ಮಗುಚಿದ್ದೂ ನಿಜ. ಆದರೆ ತರೀಕೆರೆಯಲ್ಲಿ ಎರಡನೆಯ ಮಸಾಲೆ ದೋಸೆಗೆ ಕಾದು ರೈಲು ತಪ್ಪಿಸಿಕೊಂಡು, ನನ್ನ ಬಸ್ಸು ಹತ್ತಿ, "ಏನಪ್ಪಾ, ತುಳಿಯೋ, ಇನ್ನೂ ತುಳಿಯೋ" ಎಂದು ನನ್ನ ಬೆನ್ನು ತಟ್ಟುತ್ತಿದ್ದ ಮಹನೀಯರ ಹೆಸರು ಮಾತ್ರ ಆದೇಶದಲ್ಲಿ ಬಿಟ್ಟುಹೋಗಿದೆ. ಬೀರೂರಿನಲ್ಲಿ ಕೈಗೆ ಸಿಗದ ರೈಲನ್ನು ಕಡೂರಿನಲ್ಲಿ ತಮಗೆ ಹಿಡಿಸಿಕೊಟ್ಟೆ. ತಾವು ಅದೇ ರೈಲಿನ ಕಿಟಕಿ ಪಕ್ಕ ಕೂತು, ಬೆವರೊರೆಸಿಕೊಂಡು, ನನ್ನ ಅಮಾನತಿನ ಕರಡು ಬರೆದಿರಂತೆ. ಸಮಯದ ಇಂಥ ಸದುಪಯೋಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಬದಲಿಗೆ ಬಂದ ಹೊನ್ನಯ್ಯನವರಂತೂ ಶಿಸ್ತಿನ ಸಿಪಾಯಿ. ತಮ್ಮ ಆದೇಶದ ಪ್ರತಿಯನ್ನು ಕನ್ನಡಿಯ ಮೇಲೆ ಅಂಟಿಸಿಕೊಂಡಿದ್ದಾರೆ. ದಾರಿಯ ಎಮ್ಮೆ ರಸ್ತೆ ದಾಟುವವರೆಗೆ ಮಾತ್ರವಲ್ಲ, ದಾಟಬೇಕೋ ಬೇಡವೋ ಎಂದು ಅದು ಯೋಚಿಸಿ ಮುಗಿಸುವವರೆಗೂ ಕಾಯುತ್ತಾರೆ.

ಆ ಸೀಟಿನಲ್ಲಿ ಹನ್ನೊಂದು ವರ್ಷ ಕೂತವನು ನಾನು. ಅಲ್ಲಿ ಇನ್ನೊಬ್ಬರನ್ನು ಕಂಡರೆ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲಾರೆ. ಇವತ್ತು ತಾವು ನನ್ನ ಮನವಿ ಕೇಳಿ ತೀರ್ಮಾನಿಸದಿದ್ದರೆ ಸೀಟು ಹೊನ್ನಯ್ಯನವರಿಗೇ ಖಾಯಂ ಎಂದಿದ್ದಾರೆ ಮಾಲೀಕರು. ವಿಚಾರಣೆ ಇದೇ ಮಂದಿರದಲ್ಲಿ, ಹತ್ತು ಗಂಟೆಗೆ. ಈಗ ಹನ್ನೆರಡು. ತರೀಕೆರೆಯಲ್ಲಿ ತಾವು ಹತ್ತಿದ ಹೊನ್ನಯ್ಯನವರ ಬಸ್ಸು ಇನ್ನೂ ಬಂದಿಲ್ಲ. ಬಂದ ಮೇಲಾದರೂ, ನ್ಯಾಯ ಎಲ್ಲರಿಗೂ ಒಂದೇ ಆಗುವಂತೆ, ಆ ರೈಲಿನ ಲೈಸೆನ್ಸನ್ನೂ ಮೂರು ತಿಂಗಳು ಅಮಾನತು ಮಾಡಬೇಕಾಗಿ ಪ್ರಾರ್ಥನೆ. ಮೊದಲು ಸೀಟಿ ಊದಿ ಕೆಣಕಿದ್ದು ಅದೇ.

ಕಾದು ಕೂತಿರುವ ತಮ್ಮ ವಿಶ್ವಾಸಿ,
ದೇವೀರಪ್ಪ

ತಾ.ಕ.: ಅದೇ ಬಸ್ಸಿನ ಕಂಡಕ್ಟರ್ ರಂಗಯ್ಯ ಈಗ ತಾನೇ ಬಾಡಿಗೆ ಸೈಕಲ್ಲಿನಲ್ಲಿ ಬಂದ. ಬಸ್ಸು ಇನ್ನೂ ಬೀರೂರಿನ ಆಚೆಗೇ ಇದೆಯಂತೆ. ಕಡೂರಿನ ಒಂದು ಗಂಟೆಯ ರೈಲಿಗೆಂದು ತಾವು "ಬೇಗ ಹೊಡೀರಿ ಕಣ್ರೀ" ಎಂದರೆ, ಹೊನ್ನಯ್ಯನವರು "ನನ್ ಲೈಸೆನ್ಸೂ ಹೋಯ್ತದೆ ಸ್ವಾಮಿ" ಎಂದು ಕನ್ನಡಿ ತೋರಿಸಿದರಂತೆ. ಕೊನೆಗೆ ತಾವೇ "ಲೇ, ಆ ದೇವೀರಪ್ಪನ್ನ ಕರ್ಕೊಂಡ್ ಬಾ" ಎಂದಿರಂತೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೊರಟಿದ್ದೇನೆ. ಆದರೆ ಲೈಸೆನ್ಸಿಲ್ಲದೆ ಸ್ಟೀರಿಂಗ್ ಮುಟ್ಟುವುದು ಅಪರಾಧ. ಈ ಕಾಗದದ ಹಿಂಬದಿ ಖಾಲಿ ಇದೆ. ಅಮಾನತು ರದ್ದಾಯಿತೆಂಬ ಆದೇಶವನ್ನು ಅಲ್ಲೇ ಬರೆದುಕೊಡಿ. ಪೆನ್ನು ರಂಗಯ್ಯನ ಕಿವಿಯ ಮೇಲಿದೆ.